ಅವ್ಯಕ್ತಕ್ಕೂ ಒಂದು ನಕ್ಷೆ
(ಶತಮಾನೋತ್ಸವದ ಗಣಿತಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಸರಿಯಿತು, ಕನ್ನಡದ ಮನೆಗಳು ಇಲ್ಲಿಯೇ ಉಳಿದವು. ಹತ್ತನೆಯ ತರಗತಿ ಮುಗಿಸಿ ಬೇರೆ ಮಾಧ್ಯಮದ ಕಾಲೇಜಿಗೆ ಹೋಗುವ ನಮ್ಮ ಮಗು ಇಲ್ಲಿಂದ ಏನನ್ನು ಒಯ್ಯಬೇಕು? ಪರಿಭಾಷೆ ಅಲ್ಲಿ ಬದಲಾಗುತ್ತದೆ. ವಿಚಾರ ಮಾಡುವ ಕ್ರಮ ಬದಲಾಗದು. ಒಂದು ಘನ ಸಮೀಕರಣದ ಮೂಲಕ ಇದನ್ನು ತೋರಿಸಬಯಸುತ್ತೇವೆ.

ಎಕ್ಸ್ ಅನ್ನು ಕ್ಷ, ವೈಯನ್ನು ಯ ಎಂದು ಬರೆಯೋಣ. ಸಮೀಕರಣ ಹೀಗಿದೆ:

ಯ³ + ಯ = ಕ್ಷ

ಯ ಎಂದರೆ ಇಷ್ಟು ಎಂದು ಇಲ್ಲಿ ನೇರವಾಗಿ ಹೇಳಿಲ್ಲ. ಅದು ಸಮೀಕರಣದೊಳಗೆ ಅಡಗಿದೆ. ಆದ್ದರಿಂದ ಇದು ಅವ್ಯಕ್ತ ಫಲನ. ಕ್ಷ 5 ಆದಾಗ ಯ ಎಷ್ಟು ಎಂದರೆ ಮಕ್ಕಳು ಕೈಚೆಲ್ಲುತ್ತಾರೆ. ಇಟಲಿಯ ಕಾರ್ಡಾನೋ 1545ರಲ್ಲಿ ಪ್ರಕಟಿಸಿದ ಸೂತ್ರವೇನೋ ಉಂಟು. ಆದರೆ ನಕ್ಷೆಗೆ ಅದು ಬೇಕಿಲ್ಲ. ಪ್ರಶ್ನೆಯನ್ನು ತಿರುಗಿಸಿದರೆ ಸಾಕು. ಯ ಬೆಲೆಯನ್ನು ನಾವೇ ಆರಿಸಿ, ಕ್ಷ ಎಷ್ಟೆಂದು ಕೇಳೋಣ. ಯ 0 ಆದರೆ ಕ್ಷ 0. 1 ಆದರೆ 2. 2 ಆದರೆ 10. −1 ಆದರೆ −2. −2 ಆದರೆ −10. ಈ ಐದು ಬಿಂದುಗಳನ್ನು ಗುರುತಿಸಿ ನಯವಾಗಿ ಕೂಡಿಸಿರಿ. ಅಡ್ಡ ಅಕ್ಷದ 5ರಿಂದ ಮೇಲೇರಿ ರೇಖೆಯನ್ನು ಮುಟ್ಟಿದರೆ, ಯ ಒಂದೂವರೆಗಿಂತ ತುಸು ಹೆಚ್ಚೆಂದು ಕಾಣುತ್ತದೆ.

ಹಾಗೆ ಕೂಡಿಸುವುದಕ್ಕೂ ಕಾರಣ ಬೇಕು. ಯ ಹೆಚ್ಚಿದಂತೆ ಯ³ ಕೂಡ ಹೆಚ್ಚುತ್ತದೆ. ಆದ್ದರಿಂದ ಕ್ಷ ಹೆಚ್ಚುತ್ತಲೇ ಹೋಗುತ್ತದೆ, ಹಿಂದಿರುಗುವುದಿಲ್ಲ. ಪ್ರತಿ ಕ್ಷ ಬೆಲೆಗೂ ಒಂದೇ ಯ.

ಈಗ ಒಂದು ಚಿಹ್ನೆಯನ್ನು ಮಾತ್ರ ಬದಲಿಸೋಣ:

ಯ³ − ಯ = ಕ್ಷ

ಯ −1, 0, 1 ಆದಾಗ ಮೂರು ಸಲವೂ ಕ್ಷ 0. ಪೂರ್ಣಾಂಕಗಳನ್ನಷ್ಟೇ ನೋಡಿದವರು ಈ ಮೂರು ಬಿಂದುಗಳನ್ನು ನೆಟ್ಟಗೆ ಕೂಡಿಸಿಬಿಡುತ್ತಾರೆ. ಆದರೆ ಯ ಅರ್ಧವಾದಾಗ ಕ್ಷ −0.375, ಯ −0.5 ಆದಾಗ 0.375. ರೇಖೆ ಅಲ್ಲಿ ಬಳುಕುತ್ತದೆ. ಕ್ಷ ಸುಮಾರು −0.385 ಮತ್ತು 0.385ರ ನಡುವೆ ಇದ್ದಾಗ ಒಂದೊಂದು ಕ್ಷ ಬೆಲೆಗೂ ಮೂರು ಯ ಬೆಲೆಗಳು. ರೇಖೆ ಉಂಟು, ಆದರೆ ಇಡಿಯಾಗಿ ಅದು ಫಲನವಲ್ಲ. ತಿರುವುಗಳಲ್ಲಿ ತುಂಡರಿಸಿದರೆ ಒಂದೊಂದು ತುಂಡೂ ಫಲನ.

ಸಹೋದ್ಯೋಗಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಮಗು ಬಿಂದುಗಳನ್ನು ಕೂಡಿಸುವ ಮೊದಲು, ಹೀಗೇಕೆ ಕೂಡಿಸಬೇಕೆಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಲಿ. ಇಲ್ಲಿ ಕಾರಣ ಹೇಳಿ ರೂಢಿಯಾದ ಮಗು ಮುಂದೆ ಯಾವ ಭಾಷೆಯ ಕರಿಹಲಗೆಯ ಮುಂದೆಯೂ ಅಂಜುವುದಿಲ್ಲ.