ಕ್ರೀಡಾಗುರು ಸ್ಟ್ಯಾಗ್



ವ್ಯಾಕರಣವನ್ನು ಹೇಳಿಕೊಡುವವನಿಗೆ ಎತ್ತರದ ಪೀಠವೂ, ಗರಡಿಯಲ್ಲಿ ಪಟ್ಟುಗಳನ್ನು ಹೇಳಿಕೊಡುವವನಿಗೆ ಹೊರಜಗಲಿಯೂ ಸಲ್ಲುವುದು ಲೋಕರೂಢಿಯಾಗಿದೆ. ಅಂಗಸಾಧನೆಯನ್ನು ಕಲಿಸುವವನು ಗುರುಪದವಿಗೆ ಅರ್ಹನೋ ಅಲ್ಲವೋ ಎಂಬ ಪ್ರಶ್ನೆಯು ವಿದ್ಯಾಶಾಲೆಗಳುಳ್ಳ ಕಡೆಯಲ್ಲೆಲ್ಲ ಏಳತಕ್ಕುದೇ. ಅಮೇರಿಕಾ ದೇಶದ ಅಮೋಸ್ ಅಲೊಂಜೊ ಸ್ಟ್ಯಾಗ್ ಎಂಬಾತನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವೂ ಉಂಟು, ಎಚ್ಚರಿಕೆಯೂ ಉಂಟು.

ಸ್ಟ್ಯಾಗನು 1862ನೆಯ ಇಸವಿ ಆಗಸ್ಟ್ 16ರಂದು ನ್ಯೂ ಜೆರ್ಸಿ ಪ್ರಾಂತದ ವೆಸ್ಟ್ ಆರೆಂಜ್ ಎಂಬ ಊರಿನಲ್ಲಿ ಬಡಕುಟುಂಬದಲ್ಲಿ ಜನಿಸಿದನು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಬೇಸ್‌ಬಾಲ್ ಆಟದ ಚೆಂಡೆಸೆತದಲ್ಲಿ ಹೆಸರಾದನು. ಹಣಕ್ಕಾಗಿ ಆಡುವ ತಂಡಗಳು ಕರೆದರೂ ಹೋಗಲೊಲ್ಲದೆ, ಕ್ರೈಸ್ತ ಧರ್ಮೋಪದೇಶಕನಾಗಬೇಕೆಂದು ಶಾಸ್ತ್ರಾಭ್ಯಾಸದಲ್ಲಿ ತೊಡಗಿದನು. ಆದರೆ ವೇದಿಕೆಯ ಮೇಲೆ ನಿಂತು ನುಡಿಯುವ ಶಕ್ತಿಯು ತನಗೆ ಸಾಲದೆಂದು ಕಂಡು, ಬಯಲಿನಲ್ಲಿ ತರುಣರ ನಡತೆಯನ್ನು ತಿದ್ದುವುದೇ ತನ್ನ ಧರ್ಮಸೇವೆಯೆಂದು ಬಗೆದನು.

1892ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯವು ಪ್ರಾರಂಭವಾಯಿತು. ಅದರ ಅಧ್ಯಕ್ಷನಾದ ವಿಲಿಯಂ ರೇನೀ ಹಾರ್ಪರನು ಯೇಲಿನಲ್ಲಿ ಸ್ಟ್ಯಾಗನಿಗೆ ಪಾಠ ಹೇಳಿದವನು. ಆತನು ಶಿಷ್ಯನನ್ನು ಕರೆಯಿಸಿ, ವ್ಯಾಯಾಮ ಮತ್ತು ಕ್ರೀಡೆಗಳ ವಿಭಾಗಕ್ಕೆ ನಿರ್ದೇಶಕನನ್ನಾಗಿ ನೇಮಿಸಿದುದಲ್ಲದೆ, ಇತರ ಪಂಡಿತರ ಸಾಲಿನಲ್ಲಿಯೇ ಕಾಯಮಾದ ಅಧ್ಯಾಪಕ ಸ್ಥಾನವನ್ನೂ ಕೊಟ್ಟನು. ಜಗಲಿಯಲ್ಲಿದ್ದವನಿಗೆ ಪೀಠವು ದೊರೆತುದು ಹೀಗೆ.

ಮುಂದೆ 41 ಕ್ರೀಡಾಋತುಗಳವರೆಗೆ ಸ್ಟ್ಯಾಗನು ಅಲ್ಲಿಯ ಫುಟ್‌ಬಾಲ್ ತಂಡವನ್ನು ಪಳಗಿಸಿದನು. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೇರಿಕಾದ ಆಟವು. ಪಶ್ಚಿಮದ ವಿಶ್ವವಿದ್ಯಾನಿಲಯಗಳ ಕೂಟದಲ್ಲಿ ಆತನ ತಂಡವು ಏಳು ಸಲ ಅಗ್ರಸ್ಥಾನವನ್ನು ಪಡೆಯಿತು. 56 ಆಟಗಳಲ್ಲಿ ಸೋಲನ್ನೇ ಕಾಣದಿದ್ದ ಮಿಶಿಗನ್ ತಂಡವನ್ನು 1905ರಲ್ಲಿ 2-0 ಅಂಕಗಳಿಂದ ಸೋಲಿಸಿತು. ಆತನು ಮದ್ಯವನ್ನಾಗಲಿ ಹೊಗೆಸೊಪ್ಪನ್ನಾಗಲಿ ಮುಟ್ಟಿದವನಲ್ಲ. ಕೋಪವು ಮಿತಿಮೀರಿದಾಗ ಶಿಷ್ಯನನ್ನು ಕತ್ತೆಯೆಂದು ಕರೆಯುವುದೇ ಆತನ ಕಡುನುಡಿಯಾಗಿತ್ತು.

ಎಚ್ಚರಿಕೆಯು ಇನ್ನು ಮುಂದೆ. ಗೆಲುವಿನೊಡನೆ ಜನಸಂದಣಿಯೂ, ಜನಸಂದಣಿಯೊಡನೆ ಹಣವೂ ಬಂದವು. ಆಟವು ವಿದ್ಯೆಗೆ ಅಂಗವೋ, ವಿದ್ಯಾಶಾಲೆಯೇ ಆಟಕ್ಕೆ ಆಳೋ ಎಂಬ ಸಂದೇಹವು ಪಂಡಿತರಲ್ಲಿ ಹುಟ್ಟಿತು. 70 ವರ್ಷ ತುಂಬಿದವರು ನಿವೃತ್ತರಾಗಬೇಕೆಂಬ ನಿಯಮದಂತೆ 1932ರ ಋತುವಿನೊಡನೆ ಸ್ಟ್ಯಾಗನ ಅಧಿಕಾರವು ಮುಗಿಯಿತು. 1939ರಲ್ಲಿ ಅಧ್ಯಕ್ಷ ಹಚಿನ್ಸನ ಕಾಲದಲ್ಲಿ ಆ ವಿಶ್ವವಿದ್ಯಾನಿಲಯವು ಫುಟ್‌ಬಾಲ್ ಪಂದ್ಯಗಳನ್ನೇ ಕೈಬಿಟ್ಟಿತು. ಸ್ಟ್ಯಾಗನ ಹೆಸರಿನ ಕ್ರೀಡಾಂಗಣದ ಪಶ್ಚಿಮ ಸೋಪಾನಗಳ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯೂ ಸಂಗಡಿಗರೂ ಪ್ರಥಮ ಕೃತಕ ಪರಮಾಣು ಸರಣಿಕ್ರಿಯೆಯನ್ನು ನಡೆಸಿದರು. ಆಟದ ಗದ್ದಲವಿದ್ದ ಆ ನೆಲದ ಮೇಲೆ ಇಂದು ಗ್ರಂಥಾಲಯವು ನಿಂತಿದೆ.

ಪೀಠವು ಹೋದಾಗ ಸ್ಟ್ಯಾಗನು ಮಾಡಿದುದೇನು? ಗೌರವದ ಬೇರೊಂದು ಹುದ್ದೆಯನ್ನು ಕೊಡಬಂದರೂ ಒಪ್ಪಲಿಲ್ಲ. ಶಿಷ್ಯರಿಲ್ಲದ ಗೌರವವು ಆತನಿಗೆ ಬೇಕಿರಲಿಲ್ಲ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ನಗರದಲ್ಲಿದ್ದ ಪೆಸಿಫಿಕ್ ಕಾಲೇಜೆಂಬ ಸಣ್ಣ ವಿದ್ಯಾಶಾಲೆಗೆ 1933ರಲ್ಲಿ ಹೋಗಿ, 1946ರವರೆಗೆ ಹುಡುಗರನ್ನು ಪಳಗಿಸಿದನು. 1943ರಲ್ಲಿ, 81ನೆಯ ವಯಸ್ಸಿನಲ್ಲಿ, ದೇಶದ ಆ ವರ್ಷದ ಶ್ರೇಷ್ಠ ತರಬೇತುದಾರನೆಂಬ ಮನ್ನಣೆಯನ್ನು ಪಡೆದನು. ಬಳಿಕ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ವಿಶ್ವವಿದ್ಯಾನಿಲಯದಲ್ಲಿ ತರಬೇತುದಾರನಾಗಿದ್ದ ಸ್ವಂತ ಮಗನ ಜೊತೆಗೆ ನಿಂತು 1952ರವರೆಗೆ ದುಡಿದನು. 1965ರ ಮಾರ್ಚ್ 17ರಂದು, 102ನೆಯ ವಯಸ್ಸಿನಲ್ಲಿ, ಸ್ಟಾಕ್ಟನ್ನಿನಲ್ಲಿ ದೇಹವನ್ನು ಬಿಟ್ಟನು.

ಮಹಾಶಯರೇ, ಪೀಠವು ಗುರುವನ್ನು ಮಾಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ. ಶಿಕಾಗೋ ವಿಶ್ವವಿದ್ಯಾನಿಲಯವು 1969ರಲ್ಲಿ ಫುಟ್‌ಬಾಲನ್ನು ಮರಳಿ ತಂದಿತಾದರೂ ಹಿಂದಿನ ಆಡಂಬರವನ್ನು ಮರಳಿ ತರಲಿಲ್ಲ. ಆಟಕ್ಕೆಂದು ವಿದ್ಯಾರ್ಥಿವೇತನವನ್ನು ಕೊಡದ ಕಾಲೇಜುಗಳು ಸೇರಿ ಆಡುವ ಅಂತಿಮ ಪಂದ್ಯಕ್ಕೆ 1973ರಿಂದ ಸ್ಟ್ಯಾಗನ ಹೆಸರು ನಿಂತಿದೆ. ಹಣಕ್ಕಾಗಿ ಆಡಲೊಲ್ಲದೆ ಹೊರಟವನ ಹೆಸರು ಕೊನೆಗೆ ತಕ್ಕ ಎಡೆಯನ್ನೇ ಸೇರಿತು.