ಅಂಚು ನೆಟ್ಟಗಿರಲಿ

ತಾಂಡೂರಿನ ಫರಸಿ ಕಲ್ಲನ್ನು ಮೆಟ್ಟದ ಕಾಲು ಈ ಸೀಮೆಯಲ್ಲಿ ಇರಲಾರದು. ಗಣಿಯಿಂದ ಎಬ್ಬಿಸಿ ತಂದಾಗ ಅದು ಬರೀ ಸುಣ್ಣಕಲ್ಲಿನ ಹಾಸು. ಬೂದಿ ಬಣ್ಣ, ಇಲ್ಲವೇ ಮಾಸಲು ನೀಲಿ. ಅದರ ನಾಲ್ಕೂ ಅಂಚುಗಳನ್ನು ನೇರಕ್ಕೆ ಕೊಯ್ದು, ಮೈಯನ್ನು ಉಜ್ಜಿ ನಯ ಮಾಡಿ, ಸಂದು ಬಿಗಿಯಾಗಿ ಕೂಡಿಸಿ ಹಾಸಿದರೆ ಪಡಸಾಲೆಗೆ ಒಂದು ಗಾಂಭೀರ್ಯ ಬರುತ್ತದೆ. ಅಂಚು ಒಡೆದಿದ್ದರೆ ಕಲ್ಲು ಎಷ್ಟೇ ಒಳ್ಳೆಯದಿರಲಿ, ಕಣ್ಣು ಹೋಗುವುದು ಒಡಕಿನ ಕಡೆಗೇ. ದಿನನಿತ್ಯ ತೊಡುವ ಬಟ್ಟೆಯ ಠೀವಿಯೂ ಹೀಗೆಯೇ ಅಂಚುಗಳಲ್ಲಿ ಕಾಣುತ್ತದೆ: ಕಾಲರು, ತೋಳಿನ ಕೊನೆ, ಪ್ಯಾಂಟಿನ ಕೆಳಮಡಿಕೆ, ಸೀರೆಯ ಅಂಚು. ಇವುಗಳನ್ನು ಕಾಯುವವರು ದರ್ಜಿ ಮತ್ತು ಒಗೆಯುವವರು. ಹೊಸ ಬಟ್ಟೆಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಈ ಎರಡು ಕೆಲಸಗಳಿಗೆ ಕೊಟ್ಟರೆ, ಮನೆಯಲ್ಲಿರುವ ಸಾದಾ ಬಟ್ಟೆಯಲ್ಲೇ ನಾವು ಚೆಂದ ಕಾಣಬಹುದು ಎಂಬುದು ನನ್ನ ವಾದ.

ಇದಕ್ಕೆ ಮೊದಲ ಸಾಕ್ಷಿ ನಮ್ಮ ಮನೆಗಳ ಪೆಟ್ಟಿಗೆಯಲ್ಲೇ ಇದೆ. ಈ ಸೀಮೆಯ ಜಹೀರಾಬಾದ್ ಮತ್ತು ನಾರಾಯಣಖೇಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಆಗ ಕಲಬುರಗಿ ಜಿಲ್ಲೆಯದಾಗಿತ್ತು. ಗಡಿಯ ಗೆರೆ ಸರಿದರೂ ಉಡುಗೆಯ ನಂಟು ಕಡಿಯಲಿಲ್ಲ. ಅಂಗಿ, ಧೋತರ, ರುಮಾಲು, ಪೈಜಾಮ ಎನ್ನುವಾಗ ಕನ್ನಡ, ಮರಾಠಿ, ಪಾರ್ಸಿ ಮೂರೂ ಒಂದೇ ಉಸಿರಿನಲ್ಲಿ ಬಂದುಹೋಗುತ್ತವೆ. ಈ ಬಳಗದ ಇಳಕಲ್ ಸೀರೆಯನ್ನು ಹತ್ತಿರದಿಂದ ನೋಡಿ. ಮೈಯೆಲ್ಲ ಸಾದಾ ಹತ್ತಿ, ಬಹಳವೆಂದರೆ ಸಣ್ಣ ಚೌಕಳಿ. ನೇಕಾರರ ಜಾಣ್ಮೆಯೆಲ್ಲ ಅಂಚಿಗೂ ಸೆರಗಿಗೂ ಮೀಸಲು. ಸೆರಗಿನ ರೇಷ್ಮೆ ಎಳೆಗಳನ್ನು ಮೈಯ ಹತ್ತಿ ಎಳೆಗಳಿಗೆ ಕುಣಿಕೆ ಕುಣಿಕೆಯಾಗಿ ಸಿಕ್ಕಿಸುತ್ತಾರೆ. ಆ ಕೆಲಸಕ್ಕೆ ತೋಪ್ ತೆನಿ ಎಂದು ಹೆಸರು. ಕೆಂಪು ಸೆರಗಿನ ಮೇಲೆ ಬಿಳಿಯ ವಿನ್ಯಾಸ ಎದ್ದು ನಿಲ್ಲುತ್ತದೆ. ಹೊಲಕ್ಕೂ ಸಂತೆಗೂ ಉಟ್ಟುಹೋಗುವ ಸೀರೆಗೆ ಅಷ್ಟು ಘನತೆ ಬಂದದ್ದು ಈ ಲೆಕ್ಕಾಚಾರದಿಂದ: ಮೈ ಸಾದಾ, ಅಂಚು ಗಟ್ಟಿ.

ಇನ್ನು ಅಂಗಿ. ಮಾಸುವುದೂ ಸವೆಯುವುದೂ ಮೊದಲು ಅದರ ಅಂಚೇ. ಮಡಿಕೆಯಲ್ಲಿ ಎಳೆಗಳು ಹೊರಕ್ಕೆ ಉಬ್ಬಿರುತ್ತವೆ, ಕುತ್ತಿಗೆಗೂ ಮಣಿಕಟ್ಟಿಗೂ ತಿಕ್ಕುತ್ತಲೇ ಇರುತ್ತವೆ, ಬೆವರು ಮತ್ತು ಚರ್ಮದ ಜಿಡ್ಡು ಅಲ್ಲಿಯೇ ಕೂರುತ್ತದೆ. ಬೆನ್ನು ಇನ್ನೂ ಗಟ್ಟಿಯಾಗಿರುವಾಗಲೇ ಕಾಲರು ಹರಿದು ಜೂಲು ಬಿಡುತ್ತದೆ, ನಾವು ಅಂಗಿಯನ್ನೇ ಮೂಲೆಗೆ ಹಾಕುತ್ತೇವೆ. ಹಿಂದಿನ ದರ್ಜಿಗಳು ಕಾಲರನ್ನು ಬಿಚ್ಚಿ, ಸವೆದ ಮಗ್ಗುಲನ್ನು ಒಳಕ್ಕೆ ತಿರುವಿ ಮತ್ತೆ ಹೊಲಿದು ಕೊಡುತ್ತಿದ್ದರು. ಕೇಳಿದರೆ ಈಗಲೂ ಮಾಡಿಕೊಡುವವರಿದ್ದಾರೆ. ಒಗೆಯುವ ಮೊದಲು ಕಾಲರಿಗೆ ಸೋಪು ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಎಳೆ ಕೀಳುವುದು ತಪ್ಪುತ್ತದೆ. ಹತ್ತಿಗೆ ಇಸ್ತ್ರಿ ಹಿಡಿಯುವುದಕ್ಕೂ ಕಾರಣವಿದೆ. ನಾರಿನೊಳಗಿನ ಕಣಗಳನ್ನು ಹಿಡಿದಿಟ್ಟ ದುರ್ಬಲ ಬಂಧಗಳು ನೀರಿಗೂ ಬಿಸಿಗೂ ಸಡಿಲವಾಗುತ್ತವೆ. ಆರಿದಾಗ ಯಾವ ಆಕಾರದಲ್ಲಿದ್ದವೋ ಅದರಲ್ಲೇ ಮತ್ತೆ ಬಿಗಿಯುತ್ತವೆ. ಓಣಿಯ ಇಸ್ತ್ರಿಯವರು ನೀರು ಚಿಮುಕಿಸಿ ಪೆಟ್ಟಿಗೆ ಒತ್ತುವುದು ಅದಕ್ಕೇ. ಮನೆಯಲ್ಲಿ ಇಸ್ತ್ರಿ ಇಲ್ಲದಿದ್ದರೂ ಚಿಂತೆಯಿಲ್ಲ. ಹಿಂಡಿದ ಅಂಗಿಯನ್ನು ಚೆನ್ನಾಗಿ ಜಾಡಿಸಿ, ಕಾಲರನ್ನೂ ಗುಂಡಿಪಟ್ಟಿಯನ್ನೂ ಕೈಯಿಂದ ಎಳೆದು ನೇರ ಮಾಡಿ ನೆರಳಿಗೆ ಹರವಿದರೆ ಅರ್ಧ ಇಸ್ತ್ರಿ ಆದಂತೆಯೇ.

ಅಂಚು ಎಲ್ಲಿ ಮುಗಿಯಬೇಕು ಎಂಬುದು ಅಳತೆಯ ಪ್ರಶ್ನೆ. ಭುಜದ ಹೊಲಿಗೆ ಭುಜದ ಎಲುಬಿನ ತುದಿಗೆ ಕೂರಬೇಕು. ಎರಡು ಬೆರಳು ಕೆಳಗಿಳಿದರೂ ಅಣ್ಣನ ಅಂಗಿ ತೊಟ್ಟಂತೆ ಕಾಣುತ್ತದೆ. ತುಂಬುತೋಳು ಮಣಿಕಟ್ಟಿನ ಹತ್ತಿರ ನಿಲ್ಲಬೇಕು. ಪ್ಯಾಂಟು ಚಪ್ಪಲಿಯ ಮೇಲೆ ಮುದುಡಿ ಬೀಳಬಾರದು. ರೆಡಿಮೇಡ್ ಅಂಗಿ ಸರಾಸರಿ ಅಳತೆಗೆ ಹೊಲಿದದ್ದು, ಆ ಅಳತೆಗೆ ಸರಿಯಾಗಿ ಕೂರುವ ಮೈ ಅಪರೂಪ. ಪಕ್ಕ ಹಿಡಿಸಿ, ಉದ್ದ ಮಡಿಸಿಕೊಂಡರೆ ಅದು ನಮ್ಮದಾಗುತ್ತದೆ. ಹೊಲಿಸಿದ ಬಟ್ಟೆಯಲ್ಲಿ ಇನ್ನೊಂದು ಅನುಕೂಲ: ಪಕ್ಕದ ಹೊಲಿಗೆಯೊಳಗೆ ದರ್ಜಿ ಬಟ್ಟೆ ಬಿಟ್ಟಿದ್ದರೆ, ಮೈ ತುಂಬಿಕೊಂಡಾಗ ಬಿಚ್ಚಿ ಹಿಗ್ಗಿಸಬಹುದು. ಹೊಲಿಯುವ ಕೆಲಸಕ್ಕೂ ಗೌರವ ಕೊಟ್ಟ ಶರಣರ ಪರಂಪರೆಯನ್ನು ಇಲ್ಲಿ ನೆನೆಯಬೇಕು. ನೇಯುವ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ, ಮಡಿ ಮಾಡುವ ಮಾಚಿದೇವ, ಮೂವರೂ ವಚನಕಾರರು. ಬಟ್ಟೆಯ ಮೂರೂ ಕಾಯಕಗಳಿಗೆ ಆ ಪರಂಪರೆ ಒಂದೇ ಪಂಕ್ತಿಯಲ್ಲಿ ಮಣೆ ಹಾಕಿತು. ಇವತ್ತಿನ ಜಾಹೀರಾತು ಮೊದಲನೆಯದನ್ನಷ್ಟೇ ಹೊಗಳಿ ಉಳಿದೆರಡನ್ನು ಮರೆಸಿಬಿಟ್ಟಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಕಲ್ಲು ಎಬ್ಬಿಸುವವರಿಗೆ, ಕಬ್ಬು ಕಡಿಯುವವರಿಗೆ ಕಾಲರಿನ ಚಿಂತೆ ಯಾಕೆ, ಮನುಷ್ಯರ ಬೆಲೆ ಬಟ್ಟೆಯಲ್ಲಿದೆಯೇ? ಬೆಲೆ ಬಟ್ಟೆಯಲ್ಲಿಲ್ಲ, ನಿಜ. ದುಡಿಯುವ ಹೊತ್ತಿನ ಬಟ್ಟೆ ಮಣ್ಣಾದರೆ ನಾಚಿಕೊಳ್ಳುವಂಥದ್ದೂ ಏನಿಲ್ಲ. ಆದರೆ ಒಪ್ಪವಾಗಿ ಕಾಣುವುದನ್ನು ಉಳ್ಳವರ ಸೊತ್ತೆಂದು ಬಿಟ್ಟುಕೊಡಲಾರೆ. 1927ರ ಡಿಸೆಂಬರಿನಲ್ಲಿ ಮಹಾಡದ ಸತ್ಯಾಗ್ರಹ ಸಮಾವೇಶದಲ್ಲಿ ಅಂಬೇಡ್ಕರ್ ದಲಿತ ಮಹಿಳೆಯರೊಡನೆ ಮಾತಾಡುವಾಗ ಸೀರೆ ಉಡುವ ಬಗೆಯನ್ನೇ ಎತ್ತಿಕೊಂಡರು. ಸೀರೆಯನ್ನು ಗಿಡ್ಡಕ್ಕೆ ಉಡುವುದು ಜಾತಿಯ ಗುರುತಾಗಿಬಿಟ್ಟಿದೆ, ಅದನ್ನು ಬಿಡಿ, ಬಟ್ಟೆ ಹರಿದಿದ್ದರೂ ಶುಚಿಯಾಗಿರಲಿ ಎಂಬುದು ಅವರ ಮಾತಿನ ಸಾರ. ಹೆಂಗಸರು ಸೀರೆಯ ಅಂಚನ್ನು ಪಾದದವರೆಗೆ ಇಳಿಸಿ ಉಟ್ಟರು. ಅಂಚು ಎಲ್ಲಿ ನಿಲ್ಲಬೇಕೆಂದು ಬೇರೆಯವರು ಗೊತ್ತುಮಾಡುವ ಅಧಿಕಾರವನ್ನು ಅವರು ಅಲ್ಲಿ ಮುರಿದರು. ಇದನ್ನು ಶೋಕಿ ಎಂದು ತಳ್ಳಿಹಾಕುವುದು ಸಾಧ್ಯವೇ? ಇನ್ನೊಂದು ಪ್ರಶ್ನೆಯೂ ನ್ಯಾಯವಾದದ್ದು: ಒಗೆಯುವ, ಗುಂಡಿ ಹಚ್ಚುವ ಹೊರೆಯೆಲ್ಲ ಮನೆಯ ಹೆಂಗಸರ ತಲೆಗೇ ಬರುವುದಿಲ್ಲವೇ? ಬರುತ್ತಿದೆ, ಬರಬಾರದು. ಗುಂಡಿ ಹಚ್ಚುವುದನ್ನು ಹತ್ತು ವರ್ಷದ ಹುಡುಗನೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಯಾರ ಕಾಲರೋ ಅದು ಅವರದೇ ಕೆಲಸ.

ಟೀ ಶರ್ಟು, ಜೀನ್ಸು ತೊಡುವ ಎಳೆಯರಿಗೂ ಇದೇ ಮಾತು ಸಲ್ಲುತ್ತದೆ. ಒದ್ದೆ ಟೀ ಶರ್ಟನ್ನು ಹ್ಯಾಂಗರಿಗೆ ತೂಗುಹಾಕಿದರೆ ನೀರಿನ ಭಾರಕ್ಕೆ ಕುತ್ತಿಗೆಪಟ್ಟಿ ಜೋತುಬೀಳುತ್ತದೆ. ಹಗ್ಗದ ಮೇಲೆ ನಡುವಿಗೆ ಮಡಿಚಿ ಹಾಕಿ. ನಮ್ಮ ಬೇಸಿಗೆಗೆ ಹತ್ತಿಯೇ ಲೇಸು. ಹತ್ತಿಯ ನಾರು ಗಾಳಿಯ ತೇವವನ್ನು ತನ್ನ ತೂಕದ ಸುಮಾರು ಶೇಕಡಾ 8ರಷ್ಟು ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟೂ ಹಿಡಿಯುವುದಿಲ್ಲ; ಅದಕ್ಕೆ ಬೆವರು ಮೈಗೇ ಅಂಟುತ್ತದೆ. ಹಾಗೆಂದು ಪಾಲಿಯೆಸ್ಟರ್ ತೊಡುವವರನ್ನು ಹಳಿಯಲಾರೆ. ಕಡಿಮೆ ಬೆಲೆಗೆ ಸಿಗುತ್ತದೆ, ಬೇಗ ಒಣಗುತ್ತದೆ, ಇಸ್ತ್ರಿ ಕೇಳುವುದಿಲ್ಲ. ಎರಡೂ ಬೆರೆಸಿ ನೇಯ್ದ ಬಟ್ಟೆ ಬಹಳ ಮನೆಗಳಿಗೆ ಸರಿಹೊಂದುವ ದಾರಿ.

ಮುಂದಿನ ಹಬ್ಬದ ಖರೀದಿಗೆ ಹೊರಡುವ ಮೊದಲು ಒಮ್ಮೆ ಕಪಾಟು ತೆರೆಯಿರಿ. ಗುಂಡಿ ಬಿದ್ದದ್ದು, ಫಾಲ್ ಬಿಚ್ಚಿದ್ದು, ಉದ್ದ ಹೆಚ್ಚಾದದ್ದು, ಹೀಗೆ ಮೂರು ಬಟ್ಟೆ ತೆಗೆದು ನಿಮ್ಮ ಓಣಿಯ ದರ್ಜಿಯ ಹತ್ತಿರ ಒಯ್ಯಿರಿ. ಹಬ್ಬದ ವಾರದಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ, ಈಗಲೇ ಹೋಗಿ.