ಬೀಗ ಬಿದ್ದ ಮನೆ, ಬಾಡಿಗೆಗೆ ಅಲೆಯುವ ಜನ



ಖಾಲಿ ಬಿದ್ದಿರುವ ಖಾಸಗಿ ಮನೆಗಳನ್ನು ಸರ್ಕಾರದ ನೆರವಿನಿಂದ ದುರಸ್ತಿ ಮಾಡಿಸಿ ಕೈಗೆಟುಕುವ ಬಾಡಿಗೆಗೆ ಕೊಡಿಸುವುದು ಹೇಗೆ ಎಂಬುದು ಇಂದಿನ ವಿಷಯ. ಇದನ್ನು ದೇಶದುದ್ದಕ್ಕೂ ಮಾಡಿ ನೋಡಿರುವ ಐರ್ಲೆಂಡಿನಿಂದ ಮಾತು ಆರಂಭಿಸುತ್ತೇನೆ.

2022ರ ಜನಗಣತಿಯಲ್ಲಿ ಆ ಪುಟ್ಟ ದೇಶದ 1,66,752 ಮನೆಗಳು ಖಾಲಿಯಿದ್ದವು. ರಜೆ ಕಳೆಯಲು ಇಟ್ಟುಕೊಂಡ ಮನೆಗಳನ್ನು ಬಿಟ್ಟು ಈ ಲೆಕ್ಕ. ಅವುಗಳಲ್ಲಿ 48 ಸಾವಿರಕ್ಕೂ ಹೆಚ್ಚು ಮನೆಗಳು 2016ರ ಗಣತಿಯಲ್ಲೂ ಖಾಲಿಯೇ ಇದ್ದವು. ಅದೇ ಕಾಲಕ್ಕೆ ಡಬ್ಲಿನ್‌ನಲ್ಲಿ ಬಾಡಿಗೆ ಮನೆ ಸಿಗದ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಹೋಟೆಲ್ ಕೋಣೆಗಳಲ್ಲಿ ದಿನ ದೂಡುತ್ತಿದ್ದವು.

2022ರಲ್ಲಿ ಸರ್ಕಾರ ದುರಸ್ತಿ ಅನುದಾನ ತಂದಿತು. ಮರುವರ್ಷ ಮೊತ್ತ ಏರಿತು: ಖಾಲಿ ಮನೆಗೆ 50 ಸಾವಿರ ಯೂರೋವರೆಗೆ, ಪಾಳುಬಿದ್ದದ್ದಕ್ಕೆ 70 ಸಾವಿರದವರೆಗೆ. ಬಾಡಿಗೆಗೆ ಕೊಡುವ ಮನೆಗೂ ಆಗಲೇ ಅವಕಾಶವಾಯಿತು. 5 ವರ್ಷದೊಳಗೆ ಮಾರಿದರೆ ಪೂರ್ತಿ ಹಣ ವಾಪಸ್ ಕಟ್ಟಬೇಕು, ನ್ಯಾಯವಾದ ಷರತ್ತು. ಆದರೆ ಕೆಲಸ ಮುಗಿದ ಮೇಲೆ ಹಣ ಎಂಬ ನಿಯಮ ಕೈಯಲ್ಲಿ ಕಾಸಿಲ್ಲದ ಮಾಲೀಕರಿಗೆ ತೊಡಕಾಯಿತು.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಅಲ್ಲಿಯದೇ ಇನ್ನೊಂದು ಯೋಜನೆ, ‘ದುರಸ್ತಿ ಮತ್ತು ಗುತ್ತಿಗೆ’. ವರ್ಷವಾದರೂ ಖಾಲಿಯಿರುವ ಮನೆಗೆ ಸ್ಥಳೀಯ ಆಡಳಿತ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. 2023ರಲ್ಲಿ ಅದರ ಮಿತಿ 80 ಸಾವಿರ ಯೂರೋಗೆ ಏರಿತು. ದುರಸ್ತಿಯಾದ ಮನೆಯನ್ನು 5ರಿಂದ 25 ವರ್ಷದವರೆಗೆ ಗುತ್ತಿಗೆಗೆ ಪಡೆದು, ಸಾಮಾಜಿಕ ವಸತಿಗಾಗಿ ಕಾಯುತ್ತಿರುವ ಕುಟುಂಬಕ್ಕೆ ಕೊಡುತ್ತದೆ. ಸಾಲವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುತ್ತದೆ. ಬಾಡಿಗೆ ವಸೂಲಿಗೆ ಮಾಲೀಕ ಯಾರ ಬಾಗಿಲಿಗೂ ಅಲೆಯಬೇಕಿಲ್ಲ. ಇಷ್ಟಿದ್ದೂ ಮೊದಮೊದಲು ಮುಂದೆ ಬಂದವರು ತೀರ ಕಡಿಮೆ. ವಾಟರ್‌ಫರ್ಡ್‌ನ ಆಡಳಿತ ಮಾತ್ರ ಮಾಲೀಕರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿತು, ಅಂಗಡಿಗಳ ಮೇಲಿನ ಖಾಲಿ ಮಹಡಿಗಳನ್ನೂ ಮನೆಗಳನ್ನಾಗಿ ಮಾಡಿಸಿತು. ಇಡೀ ದೇಶದ ಸಾಧನೆಯಲ್ಲಿ ಸುಮಾರು ಅರ್ಧ ಪಾಲು ಆ ಒಂದೇ ಆಡಳಿತದ್ದಾಯಿತು.

ಇನ್ನು ನಮ್ಮ ಮಾತು. 2011ರ ಜನಗಣತಿಯಂತೆ ಭಾರತದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ. ನಮ್ಮ ಹಳೇ ಬಡಾವಣೆಗಳ ಅಂಥದೊಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ: ಮಂಗಳೂರು ಹಂಚು ಜರುಗಿ ಮಾಡು ಸೋರುತ್ತಿದೆ, ತೊಲೆಗೆ ಗೆದ್ದಲು ಹಿಡಿದಿದೆ, ವೈರಿಂಗ್ ಮುಟ್ಟುವಂತಿಲ್ಲ. ಅಣ್ಣತಮ್ಮಂದಿರ ಪಾಲು ಮುಗಿದಿಲ್ಲ, ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದೆ. ಹಂಚು ಹೊದಿಸುವುದಕ್ಕೆ ಹಣವಿದ್ದರೆ ಸಾಕು. ‘ಕೊಟ್ಟ ಮೇಲೆ ಬಿಡಿಸಿಕೊಳ್ಳುವುದು ಹೇಗೆ’ ಎಂಬ ಭಯಕ್ಕೆ ಹಣ ಮದ್ದಲ್ಲ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ 2.0ರಲ್ಲಿ ಬಾಡಿಗೆ ವಸತಿಗೆ ಪ್ರತ್ಯೇಕ ವಿಭಾಗವೇ ಇದೆ. ಅದರ ಗಮನವೆಲ್ಲ ಸರ್ಕಾರಿ ಹಣದಲ್ಲಿ ಕಟ್ಟಿ ಖಾಲಿ ಉಳಿದ ಮನೆಗಳ ಮೇಲೆ ಮತ್ತು ಹೊಸ ನಿರ್ಮಾಣದ ಮೇಲೆ. ಈ ಹಂಚಿನ ಮನೆ ಅದರ ಲೆಕ್ಕಕ್ಕೆ ಬರುವುದಿಲ್ಲ.

ನಗರಸಭೆಯೇ ಕರಾರಿಗೆ ಸಹಿ ಹಾಕಿ, ತಿಂಗಳ ಬಾಡಿಗೆಗೂ ಅವಧಿ ಮುಗಿದಾಗ ಮನೆ ಮರಳಿಸುವುದಕ್ಕೂ ಹೊಣೆ ಹೊರದಿದ್ದರೆ, ಅನುದಾನ ಎಷ್ಟೇ ಇಟ್ಟರೂ ಬೀಗ ತೆಗೆಯುವವರು ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮಧ್ಯಾಹ್ನದ ಗೋಷ್ಠಿಯಲ್ಲಿ ಮಾತಾಡಲಿರುವ ವಕೀಲರಲ್ಲಿ, ಪೌರಾಡಳಿತದ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಪಾಲು ಮುಗಿಯದ ಮನೆಗೂ ಹೊಂದುವಂಥ ಕರಾರಿನ ಕರಡೊಂದನ್ನು ಸಮಾರೋಪದೊಳಗೆ ಸಿದ್ಧಪಡಿಸಿ ಕೊಡಿ. ನಿರ್ಣಯಗಳ ಜೊತೆ ಅದನ್ನೂ ಸರ್ಕಾರಕ್ಕೆ ಕಳುಹಿಸೋಣ.